ಪ್ರಜ್ಞಾ ಹಿತ್ತಲಲ್ಲಿ ಕೇಳಿದ್ದು

ಶಿವನಿ,
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಕಲ್ಲೇಶಣ್ಣನಿಗೆ,

ತನುಜಾಳ ನಮಸ್ಕಾರ. ಹೇಗಿದ್ದೀಯ? ಭುಜ್‌ನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ಈಗ ನಿಂತಿತೇ? ಕೊತ್ತಂಬರಿ ಕಷಾಯ ಕುಡಿ. ನಾವೆಲ್ಲ ಕ್ಷೇಮ, ಅಪ್ಪನ ಮಂಡಿನೋವೂ ಕಡಿಮೆಯಾಗಿದೆ. ಫೋನಿದ್ದೂ ಕಾಗದವೇಕೆ ಎಂದು ನಗಬೇಡ. ಫೋನು ಮಾಡಿದಾಗೆಲ್ಲ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಇದನ್ನು ಅವಳ ಮುಂದೆ ಹೇಳಲಾಗದು.

ಅಮೃತಾಪುರದ ಹುಡುಗಿಗೆ ಮಿಲಿಟರಿಯವರು ಬೇಡವಂತೆ ಎಂದು ಅಪ್ಪ ನಿನಗೆ ಹೇಳಿದರು. ನಡೆದದ್ದು ಬೇರೆ. ಹೆಣ್ಣು ನೋಡಲು ಆ ದಿನ ಅಪ್ಪ, ಅಮ್ಮ, ನಾನು ಮೂವರೂ ಹೋಗಿದ್ದೆವು. ಹುಡುಗಿ ಪ್ರಜ್ಞಾ ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಅವಳು ಟೀ ತಂದುಕೊಟ್ಟಾಗ ಅಮ್ಮ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. "ಲಕ್ಷಣವಾಗಿದಾಳೆ, ಬಣ್ಣ ಮಾತ್ರ ಒಂಚೂರು ಕಮ್ಮಿ ಕಣೇ" ಎಂದು ನನ್ನ ಕಿವಿಯಲ್ಲಿ ಉಸುರಿದಳು. ನೀನೂ ಅದನ್ನೇ ಕೇಳಿದ್ದೆ. "ಫೋಟೋ ನಂಬಕ್ಕಾಗಲ್ಲ, ಬೆಳ್ಳಗಿದಾಳಾ ನೀನೇ ನೋಡ್ಕಂಡು ಬಾ" ಎಂದಿದ್ದೆ. ಅವಳಪ್ಪ ಷಣ್ಮುಖಪ್ಪನವರಿಗೆ ನಿನ್ನ ರೂಪ ಬೇಕಿರಲಿಲ್ಲ. ಪ್ರಮೋಷನ್ ಯಾವಾಗ, ಜಮೀನಿನ ಖಾತೆ ಯಾರ ಹೆಸರಿಗಿದೆ ಎಂದೇ ಕೇಳುತ್ತಿದ್ದರು.

ಪ್ರಜ್ಞಾ ಎರಡನ್ನೂ ಕೇಳಲಿಲ್ಲ. ಹಿತ್ತಲು ತೋರಿಸುವ ನೆಪದಲ್ಲಿ ನನ್ನನ್ನು ಕರೆದೊಯ್ದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಮೆಲ್ಲಗೆ ಕೇಳಿದಳು: "ನಿಮ್ಮಣ್ಣಂಗೆ ಸಿಟ್ಟು ಬಂದ್ರೆ ಮನೇಲಿ ಯಾರಿಗ್ರೀ ಹೆದ್ರಿಕೆ ಆಗುತ್ತೆ?" ಆಮೇಲೆ ತಾನೇ, "ನಮ್ಮಕ್ಕನ್ನ ಕೊಡೋವಾಗ ಇದೊಂದನ್ನ ಯಾರೂ ಕೇಳ್ಲಿಲ್ಲ ಕಣ್ರೀ. ಈಗ ವಾಪಸ್ ಬಂದು ಕೂತಿದಾಳೆ" ಎಂದಳು.

ಯಾರಿಗೂ ಇಲ್ಲ ಎನ್ನಲು ಬಾಯಿ ತೆರೆದೆ. ನನಗೆ ಜ್ವರ ಬಂದಾಗ ಸೈಕಲ್ಲಿನಲ್ಲಿ ಕೂರಿಸಿಕೊಂಡು ಅಜ್ಜಂಪುರದವರೆಗೂ ತುಳಿದವನು ನೀನು, ಅದೂ ನೆನಪಾಯಿತು. ಆದರೆ ಹೋದ ರಜೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀನು ಬೀಸಿದ ತಟ್ಟೆ, ಅಮ್ಮನ ಹಣೆಗೆ ಬಿದ್ದ ಹೊಲಿಗೆ, ಬಾಗಿಲು ತಗುಲಿತು ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದದ್ದು... ಮಾತು ಹೊರಡಲಿಲ್ಲ. ಪ್ರಜ್ಞಾ ನನ್ನ ಕೈ ಹಿಡಿದು, "ಹೇಳ್ಬೇಡಿ ಬಿಡಿ, ಗೊತ್ತಾಯ್ತು" ಎಂದಳು. ಸಂಬಂಧ ಮುರಿದದ್ದು ಹೀಗೆ.

ಅಮ್ಮ ಅಂದಿನಿಂದ ಅವಳನ್ನು ಬಯ್ಯುತ್ತಲೇ ಇದ್ದಾಳೆ. "ಕರೀ ಮೂತಿಗೆ ಜಂಬ ನೋಡು" ಎನ್ನುತ್ತ ಆ ಗಾಯದ ಗುರುತಿನ ಮೇಲೆಯೇ ವಿಭೂತಿ ಹಚ್ಚಿಕೊಳ್ಳುತ್ತಾಳೆ. ನಿನ್ನ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ ಅಣ್ಣಾ. ಆದರೆ ನಿನಗೆ ಹೆಣ್ಣು ಕೇಳಲು ಇನ್ನೊಂದು ಮನೆಗೆ ಹೋಗುವುದು ನನ್ನಿಂದಾಗದು. ಮೊದಲು ನೀನು ಆ ತಟ್ಟೆಯ ವಿಷಯ ಅಮ್ಮನ ಹತ್ತಿರ ಮಾತಾಡು.

ಅಪ್ಪ, ಅಮ್ಮನ ಆಶೀರ್ವಾದ ನಿನಗಿದ್ದೇ ಇದೆ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ.

ನಿನ್ನ ತಂಗಿ,
ತನುಜಾ

ಮರೆತ ಮಾತು: ದೀಪಾವಳಿ ರಜೆಯಲ್ಲಿ ಬೀರೂರಿನ ನಿನ್ನ ಗೆಳೆಯ ಮೃತ್ಯುಂಜಯ ನನ್ನನ್ನು ನೋಡಲು ಬರುತ್ತಾನಂತೆ. "ನಮ್ ಕಲ್ಲೇಶನ ಜೊತೇಲಿರೋನು, ಇನ್ನೇನ್ ವಿಚಾರಿಸೋದು" ಎಂದು ಅಪ್ಪ ಒಪ್ಪಿಯೇಬಿಟ್ಟಿದ್ದಾರೆ. ಅವನಿಗೆ ಅಕ್ಕತಂಗಿಯರಿಲ್ಲ, ನಾನು ಕೇಳಬೇಕಾದದ್ದು ನಿನ್ನನ್ನೇ. ಅವನ ಜೊತೆ ಒಂದೇ ಬ್ಯಾರಕ್ಕಿನಲ್ಲಿ ಮಲಗುವವನು ನೀನು. ಗೆಳೆಯನೆಂದು ಮುಚ್ಚಿಡದೆ, ಅವನು ಎಂಥವನೆಂದು ಕಂಡದ್ದನ್ನು ಕಂಡ ಹಾಗೆ ಬರೆ. ಅಪ್ಪನಿಗಲ್ಲ, ನಾನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ.