ಉಡಿಗೆ ಹಾಕಿದ ಪೇರಲ

ಅಸುಂಡಿ

ಬೆಳ್ಳಟ್ಟಿಯ ಬೀಗತಿ ಹುಚ್ಚವ್ವನವರಿಗೆ ನೀಲಗಂಗಾಳ ಶರಣು.

ಫೋನಿನಲ್ಲಿ ಮಾತಾಡಿದರೆ ನಿಮ್ಮ ಮನೆಯಲ್ಲಿರುವ ನನ್ನ ಮಗಳು ಶಿವಲಕ್ಷ್ಮಿಗೆ ಕೇಳಿಸುತ್ತದೆಂದು ಬರೆದು ಕಳಿಸಿದ್ದೇನೆ. ಬಸಿರಿನ ಕುಬಸದ ದಿನ ಅವಳ ಉಡಿಗೆ ಹಾಕಿದ ನಮ್ಮ ಹಿತ್ತಲ ಪೇರಲ ಉಳಿದಿದ್ದರೆ ಕೊಡಬೇಡಿರಿ, ದೂರ ಹೂತುಬಿಡಿರಿ. ದನಕ್ಕೂ ಹಾಕಬೇಡಿರಿ.

ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆಂದು ನಮ್ಮವರು ಹೋದ ವರ್ಷ ಆ ಗಿಡದ ಸುತ್ತ ರೈಲು ಹಳಿಯಡಿ ಹಾಕುವ ಹಳೆಯ ಕಟ್ಟಿಗೆ ಸ್ಲೀಪರುಗಳನ್ನು ಹೂಳಿದ್ದರು. ಡಾಂಬರೆಣ್ಣೆ ಕುಡಿದ ಕಟ್ಟಿಗೆ, ಗೆದ್ದಲು ಹತ್ತುವುದಿಲ್ಲ ಎಂದು ಹಿಗ್ಗಿದ್ದೆವು. ಈ ಸಲ ಗಿಳಿಗಳು ತಂತಿಯ ಮೇಲೆ ಕೂತು ಹಣ್ಣನ್ನು ನೋಡಿ ಹಾರಿಹೋದವು. ಅಳಿಲೂ ಬರಲಿಲ್ಲ. ಹಣ್ಣು ನಮಗೇ ಉಳಿಯಿತಲ್ಲ ಎಂದುಕೊಂಡೆ. ಕುಬಸದಂದು ದೇವರ ಮುಂದಿಟ್ಟ ಹಣ್ಣು ಇವತ್ತಿಗೂ ಹಾಗೇ ಇದೆ. ಕೊಳೆತಿಲ್ಲ, ಒಂದು ಇರುವೆಯೂ ಹತ್ತಿಲ್ಲ.

ಅವಳನ್ನು ಡಾಕ್ಟರರಿಗೆ ತೋರಿಸಿರಿ, ಎಣ್ಣೆಯ ವಿಷಯ ಮುಚ್ಚಿಡದೆ ಹೇಳಿರಿ. ಗಿಡ ಕಡಿಸಿದ್ದೇವೆ.

ಸ್ಲೀಪರು ಹೂತದ್ದನ್ನು ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ಆದರೂ ನಿನ್ನೆ ಫೋನ್ ಮಾಡಿ ಬಯಕೆ ಹೇಳಿದಳು: "ಯವ್ವಾ, ಹಣ್ಣ ಸಾಕು. ಗಿಡದ ಬುಡಕ್ಕ ಹುಗದೀರಲ್ಲ, ಆ ಕರೀ ಕಟಗೀದು ಒಂದ ಚೂರು ಕಳಸು. ಕೂಸು ಬೇಡಾಕ ಹತ್ತೈತಿ."

ನಿಮ್ಮ ಬೀಗತಿ,
ನೀಲಗಂಗಾ