ನೀವು ಖಾಲಿ ಎಂದು ಬರೆದ ಯಂತ್ರಕೋಣೆ

ಮುಳುಗಿದ ಹಡಗುಗಳ ವಿಲೇವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಯುದ್ಧಕಾಲದಲ್ಲಿ ಶತ್ರುಗಳ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿದ ಸರಕು ಹಡಗೊಂದನ್ನು ಸಮುದ್ರದ ತಳದಲ್ಲೇ ಕತ್ತರಿಸಿ, ಅದರೊಳಗಿನ ತಾಮ್ರವನ್ನು ಮೇಲೆತ್ತಲು ತಾವು ಅಪ್ಪಣೆ ಕೊಟ್ಟಿದ್ದೀರಿ. ಹಿಂಭಾಗದ ಉಗ್ರಾಣವನ್ನು ತಲುಪಲು ಯಂತ್ರಕೋಣೆಯ ಗೋಡೆ ಒಡೆಯುವುದೇ ಹತ್ತಿರದ ದಾರಿ ಎಂದೂ, ಸದರಿ ಯಂತ್ರಕೋಣೆಯಲ್ಲಿ ಮಾನವ ಅವಶೇಷಗಳಿರುವ ಸಂಭವವಿಲ್ಲವೆಂದೂ ತಮ್ಮ ಪ್ರಕಟಣೆ ತಿಳಿಸುತ್ತದೆ. ಸದರಿ ಯಂತ್ರಕೋಣೆಯಲ್ಲಿ ನನ್ನ ತಮ್ಮನಿದ್ದಾನೆ. ಈ ಸಂಗತಿಯನ್ನು ತಮ್ಮ ಕಚೇರಿಗೆ ಹಲವು ಬಾರಿ ಅರಿಕೆ ಮಾಡಿಕೊಂಡೆ. ಪ್ರತಿ ಬಾರಿಯೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಪರಿಶೀಲನೆ ಮುಗಿಯುವ ಮೊದಲೇ ಕತ್ತರಿಸುವವರ ನಾವೆ ಬಂದರಿನಲ್ಲಿ ಸಜ್ಜಾಗಿ ನಿಂತಿದೆಯೆಂದು ತಿಳಿದು, ಈಗ ಪತ್ರಿಕೆಯ ಮೂಲಕ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ಒಕ್ಕಣೆಯ ಬಗ್ಗೆ ತಾವು ಆತಂಕಪಡಬೇಕಾಗಿಲ್ಲ. ನ್ಯಾಯಾಲಯದ ಎದುರಿನ ಓಣಿಯಲ್ಲಿ ಅರ್ಜಿ ಬರೆಯುವವರ ಅಂಗಡಿಯೊಂದರಲ್ಲಿ ಕುಳಿತು, ಊರವರ ಸಂಕಟಗಳನ್ನು ಚೊಕ್ಕ ಪ್ರತಿ ಮಾಡುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಅತ್ತು ಬರೆದದ್ದನ್ನು ಅಧಿಕಾರಿಗಳು ಓದುವುದಿಲ್ಲ, ಕ್ರಮವಾಗಿ ಬರೆದದ್ದನ್ನು ಓದಿದರೂ ಓದಿಯಾರು ಎಂದು ಆ ಅಂಗಡಿಯ ಹಿರಿಯರು ಕಲಿಸಿದ್ದರು. ಆದ್ದರಿಂದ ಕ್ರಮವಾಗಿಯೇ ಬರೆಯುತ್ತೇನೆ. ಅಳು ನನಗೀಗ ಬರುವುದೂ ಇಲ್ಲ. ಇದು ದೂರಲ್ಲ, ತಮ್ಮ ಅವಗಾಹನೆಗಾಗಿ ತಿಳಿಸಿದ್ದು.

ಮೊದಲಿಗೆ ತಮ್ಮ ನಿಯಮಾವಳಿ. ಯುದ್ಧನೌಕೆ ಮುಳುಗಿದರೆ ಅದು ಸಮಾಧಿ, ಅದನ್ನು ಮುಟ್ಟುವಂತಿಲ್ಲ. ಸರಕು ಹಡಗು ಮುಳುಗಿದರೆ ಅದು ಸೊತ್ತು, ಹರಾಜಿಗೆ ಯೋಗ್ಯ. ಎರಡರಲ್ಲೂ ಸತ್ತವರು ಒಂದೇ ಉಪ್ಪುನೀರು ಕುಡಿದರೆಂಬುದು ನಿಯಮ ರಚಿಸಿದವರ ಗಮನಕ್ಕೆ ಬಂದಂತಿಲ್ಲ. ಯುದ್ಧ ನಡೆಯುತ್ತಿದ್ದಾಗ ತಮ್ಮ ಕಚೇರಿಯ ಗೋಡೆಗಳ ಮೇಲೆಯೇ 'ಸರಕು ಸಾಗಿಸುವವನೂ ಸೈನಿಕನೇ' ಎಂಬ ಭಿತ್ತಿಪತ್ರ ಅಂಟಿತ್ತು. ಅದನ್ನು ನೋಡಿಯೇ ನನ್ನ ತಮ್ಮ ಹೆಸರು ಕೊಟ್ಟು ಬಂದ. ಯುದ್ಧ ಮುಗಿದ ಮೇಲೆ ಗೋಡೆಗೆ ಸುಣ್ಣ ಬಳಿದಿರಿ. ಆ ಹಡಗಿನಲ್ಲಿ ತುಪಾಕಿ ಇರಲಿಲ್ಲ, ಆದಕಾರಣ ಅದು ಯುದ್ಧದಲ್ಲಿ ಇರಲಿಲ್ಲ ಎನ್ನುತ್ತೀರಿ. ಹಾಗಾದರೆ ಆ ಜಲಾಂತರ್ಗಾಮಿ ಯಾವ ವ್ಯಾಪಾರಕ್ಕೆ ಬಂದಿತ್ತು, ಮಾನ್ಯರೇ? ತಾಮ್ರದ ದರ ವಿಚಾರಿಸಲಿಕ್ಕೆ?

ಇರಲಿ. ಸೊತ್ತೆಂದೇ ಇಟ್ಟುಕೊಳ್ಳೋಣ. ಸೊತ್ತಿನೊಳಗೆ ಮನುಷ್ಯನಿದ್ದರೆ ಆ ಜಾಗವನ್ನು ಮುಟ್ಟದೆ ಸುತ್ತುಬಳಸಿ ಹೋಗಬೇಕೆಂದು ತಮ್ಮ ನಿಯಮವೇ ಹೇಳುತ್ತದೆ. ಆದರೆ ಹೊಡೆತ ಬಿದ್ದಾಗ ಯಂತ್ರಕೋಣೆಯ ಪಾಳಿಯಲ್ಲಿದ್ದವರು ಇಬ್ಬರೇ, ಆ ಇಬ್ಬರೂ ಮೇಲೆ ಬಂದರು, ಆದ್ದರಿಂದ ಕೋಣೆ ಖಾಲಿ ಎಂಬುದು ತಮ್ಮ ತೀರ್ಮಾನ. ಲೆಕ್ಕ ಚೆನ್ನಾಗಿದೆ. ನನ್ನ ತಮ್ಮನ ಪಾಳಿ ಆಗ ಮುಗಿದಿತ್ತು. ಅವನು ಅಡುಗೆಕೋಣೆಯಲ್ಲಿ ಚಹಾದ ಲೋಟ ಹಿಡಿದು ಕುಳಿತಿದ್ದ.

ಅಲ್ಲಿಂದ ಮುಂದಿನದನ್ನು ಹಡಗಿನ ಅಡುಗೆಯವರು ನಮ್ಮ ಮನೆಗೆ ಬಂದು ಹೇಳಿದರು. ಹೊಡೆತ ಬಿದ್ದದ್ದು ಹಡಗಿನ ಮುಂಭಾಗಕ್ಕೆ. ಯಂತ್ರಕೋಣೆಯಲ್ಲಿ ಹಬೆಯ ಕೊಳವೆಯೊಂದು ಬಿರಿದು, ಪಾಳಿಯ ಇಬ್ಬರೂ ಮೈ ಬೆಂದು ತೆವಳಿಕೊಂಡು ಮೇಲೆ ಬಂದರು. ಯಂತ್ರ ಮಾತ್ರ ಓಡುತ್ತಲೇ ಇತ್ತು. ನಿಲ್ಲಿಸಿ ಎಂದು ಮೇಲಿನಿಂದ ಗಂಟೆ ಹೊಡೆದರೆ ಕೇಳುವವರು ಕೆಳಗಿರಲಿಲ್ಲ. ಓಡುವ ಹಡಗಿನಿಂದ ದೋಣಿ ಇಳಿಸಲಾಗದು, ಮಾನ್ಯರೇ. ಇಳಿಸಿದರೆ ನೀರು ಮುಟ್ಟಿದ ಕೂಡಲೇ ಮಗುಚುತ್ತದೆ. ಮೊದಲ ದೋಣಿ ಹಾಗೆಯೇ ಮಗುಚಿತು. ಕಾಲ ಕೆಳಗಿನ ಹಲಗೆ ಇನ್ನೂ ನಡುಗುತ್ತಿದ್ದುದನ್ನು ಗಮನಿಸಿ ನನ್ನ ತಮ್ಮ ಲೋಟ ಕೆಳಗಿಟ್ಟ. ಅಡುಗೆಯವರು, ಎಲ್ಲಿಗಪ್ಪಾ, ನಿನ್ನ ಪಾಳಿ ಮುಗೀತಲ್ಲ ಎಂದು ಕೇಳಿದರಂತೆ. ಅವರು ಮಾಡುವ ಚಹಾ ಹಡಗಿಗೆಲ್ಲ ಕುಖ್ಯಾತವಾಗಿತ್ತು.

"ನಿಮ್ಮ ಚಹಾ ಕುಡಿಯೋದಕ್ಕಿಂತ ಕೆಳಗಿಳಿಯೋದೇ ವಾಸಿ ಅಣ್ಣ. ನೀವು ಹೋಗಿ ದೋಣೀಲಿ ಜಾಗ ಹಿಡೀರಿ, ನಾನು ಬಂದೆ."

ಇಲ್ಲಿ ಆ ಜನರ ಒಂದು ರೂಢಿಯನ್ನು ವಿವರಿಸಬೇಕಾಗಿದೆ. ಯಂತ್ರಕೋಣೆಗೆ ಇಳಿಯುವವರು ತಮ್ಮ ಒಣ ಅಂಗಿಯನ್ನು ಏಣಿಯ ತಲೆಯಲ್ಲಿರುವ ಕೊಕ್ಕೆಗೆ ತೂಗುಹಾಕಿ ಬರಿಮೈಯಲ್ಲಿ ಇಳಿಯುತ್ತಾರೆ. ಬೆವರು ಸುರಿಯುವ ಮೈಯಲ್ಲಿ ಮೇಲೆ ಬಂದು ಸಮುದ್ರದ ಗಾಳಿಗೆ ನಿಂತರೆ ಎದೆಗೆ ಶೀತ ಇಳಿಯುತ್ತದೆಂದು, ಬಂದ ಕೂಡಲೇ ಹಾಕಿಕೊಳ್ಳಲು ಅದು ಅಲ್ಲಿರಬೇಕು. ಕೊಕ್ಕೆಯಲ್ಲಿ ಅಂಗಿ ಇದೆಯೆಂದರೆ ಅದರ ಒಡೆಯ ಕೆಳಗಿದ್ದಾನೆ. ಆ ಅಂಗಿಯನ್ನು ಬೇರೆ ಯಾರೂ ಮುಟ್ಟಕೂಡದು. ತಮಾಷೆಗೆ ಬಚ್ಚಿಡುವಂತೆಯೂ ಇಲ್ಲ. ಎಷ್ಟೇ ಜಗಳವಿದ್ದರೂ ಅದರ ಮೇಲೆ ಕೈ ಹಾಕುವುದಿಲ್ಲ. ನನ್ನ ತಮ್ಮನಿಗೆ ಬಟ್ಟೆಯ ವಿಷಯದಲ್ಲಿ ವಿಪರೀತ ಅಚ್ಚುಕಟ್ಟು. ಮದುವೆಯಾಗದಿದ್ದರೂ ಹಡಗಿನವರೆಲ್ಲ ಅವನನ್ನು 'ಸಂಸಾರಿ' ಎಂದೇ ಕರೆಯುತ್ತಿದ್ದರು. ಮುಳುಗುತ್ತಿದ್ದ ಹಡಗಿನಲ್ಲೂ ಸಂಸಾರಿ ಅಂಗಿ ಕಳಚಿ, ಕೊಡವಿ, ಕೊಕ್ಕೆಗೆ ಹಾಕಿ ಇಳಿದನೆಂದು ಅಡುಗೆಯವರು ಹೇಳಿದರು. ಅವರು ಏಣಿಯ ತಲೆಯಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹಲಗೆಯ ನಡುಕ ನಿಂತಿತು. ಹಡಗು ನಿಂತಿತು. ಉಳಿದ ದೋಣಿಗಳು ಸುಸೂತ್ರವಾಗಿ ಇಳಿದವು. ಅಡುಗೆಯವರು ಅಂಗಿಯ ಪಕ್ಕ ನಿಂತು ಕೂಗುತ್ತಿದ್ದಾಗ ಯಾರೋ ತೋಳು ಹಿಡಿದು ಎಳೆದೊಯ್ದರು. ಎರಡನೆಯ ಹೊಡೆತ ಆಮೇಲೆ ಬಿತ್ತು.

ಇದನ್ನೆಲ್ಲ ಅವರು ನಮ್ಮ ನಡುಮನೆಯ ಬೆಂಚಿನ ತುದಿಯಲ್ಲಿ ಕುಳಿತು ಹೇಳಿದರು. ಮುಗಿದ ಮೇಲೆ ಅಮ್ಮ, ಯಾವ ಅಂಗಿ ಎಂದಷ್ಟೇ ಕೇಳಿದಳು. ನೀಲಿ ಗೆರೆಯದು ಎಂದರು.

"ಅದರ ಕತ್ತಿನ ಗುಂಡಿ ಕಿತ್ತುಹೋಗಿತ್ತು," ಎಂದಳು ಅಮ್ಮ. "ಹಾಕಿಕೊಡ್ತೀನಿ ಕೊಡೋ ಅಂದರೆ, ಬಂದ ಮೇಲೆ ನೋಡೋಣ ಅಂದ."

ಅಷ್ಟು ಹೇಳಿ ಎದ್ದು ಹೋಗಿ ಒಲೆ ಹಚ್ಚಿದಳು. ಅಡುಗೆಯವರನ್ನು ಊಟಕ್ಕೆ ಎಬ್ಬಿಸಿದಳು. ಉಪ್ಪು ಸಾಕೇ ಎಂದು ಕೇಳಿದಳು. ತೀರಿಕೊಳ್ಳುವವರೆಗೂ ಅವನ ವಿಷಯವಾಗಿ ಅವಳು ಬೇರೇನೂ ಮಾತಾಡಿದ್ದು ನನಗೆ ನೆನಪಿಲ್ಲ. ನಾನೂ ಕೆದಕಲಿಲ್ಲ. ಮರುದಿನ ಅಂಗಡಿಗೆ ಹೋಗಿ ಯಾರದೋ ಬೇಲಿ ತಕರಾರಿನ ಅರ್ಜಿ ಪ್ರತಿ ಮಾಡಿದೆ. ಒಂದು ಅಕ್ಷರವೂ ತಪ್ಪಾಗಲಿಲ್ಲ.

ತಮ್ಮ ಪ್ರಕಟಣೆ ಹೊರಬಿದ್ದ ಮೇಲೆ, ಈಗ ಹಣ್ಣುಮುದುಕರಾಗಿರುವ ಅದೇ ಅಡುಗೆಯವರನ್ನು ಕೈಹಿಡಿದು ತಮ್ಮ ಕಚೇರಿಗೆ ಕರೆತಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಕೈಕೆಳಗಿನವರೊಬ್ಬರು, ಗಾಜಿನ ಪೆಟ್ಟಿಗೆಯಲ್ಲಿ ಆಟಿಕೆಯಂಥ ಹಡಗು ಇಟ್ಟಿರುವ ಕೋಣೆಯಲ್ಲಿ, ಬೇಸರವಿಲ್ಲದೆ ಕೇಳಿಕೊಂಡರು. ಸಭ್ಯರು. ಅಡುಗೆಯವರಿಗೆ ಕುರ್ಚಿ ಕೊಟ್ಟರು. ಎಲ್ಲ ಕೇಳಿದ ಮೇಲೆ, ಆ ಅಂಗಿಯನ್ನು ತಂದಿದ್ದೀರಾ ಎಂದು ವಿಚಾರಿಸಿದರು. ಇಲ್ಲ, ಕೊಕ್ಕೆಯಲ್ಲೇ ಇತ್ತು ಎಂದರು ಅಡುಗೆಯವರು.

"ಪಕ್ಕದಲ್ಲೇ ನಿಂತಿದ್ರಿ ಅಂತೀರಲ್ಲ ಅಜ್ಜಾ, ಬರುವಾಗ ತಗೊಂಡು ಬರಬಹುದಿತ್ತಲ್ಲ?"

"ಅದು ಹೇಗೆ ತರೋದು ಸ್ವಾಮಿ? ಅವನಿನ್ನೂ ಮೇಲೆ ಬಂದಿರಲಿಲ್ಲ."

ಕೈಕೆಳಗಿನವರು ಬರೆದುಕೊಂಡರು. ಅಕ್ಷರ ತಲೆಕೆಳಗಾಗಿದ್ದರೂ ಓದುವುದು ನನಗೆ ಅಭ್ಯಾಸವಿದೆ. 'ಸಾಕ್ಷ್ಯವಸ್ತು ಹಾಜರುಪಡಿಸಿರುವುದಿಲ್ಲ' ಎಂದಿತ್ತು. ಮೆಟ್ಟಿಲಿಳಿಯುವಾಗ ಅಡುಗೆಯವರು, ತರಬೇಕಿತ್ತೇನಮ್ಮಾ ಎಂದು ನನ್ನನ್ನು ಕೇಳಿದರು. ಬೇಡ, ತರದಿದ್ದದ್ದೇ ಸರಿ ಎಂದೆ. ಅಂಗಿಯನ್ನು ಎತ್ತಿಕೊಂಡಿದ್ದರೆ, ಅವನು ಇನ್ನು ಬರುವುದಿಲ್ಲವೆಂದು ಅವರೇ ತೀರ್ಮಾನ ಕೊಟ್ಟ ಹಾಗಾಗುತ್ತಿತ್ತು. ಕೆಳಗಿನವನು ಇನ್ನೂ ಕೆಲಸದಲ್ಲಿರುವಾಗ ಅಂಥ ತೀರ್ಮಾನ ಕೊಡಲು ಅಡುಗೆಯವರಿಗೆ ಧೈರ್ಯ ಬರಲಿಲ್ಲ. ತಮ್ಮ ಕಚೇರಿಗೆ ಆ ಧೈರ್ಯ ಬಂದಿದೆ.

ತಮ್ಮ ತರ್ಕವನ್ನು ಇನ್ನೊಮ್ಮೆ ನೋಡೋಣ. ಪಾಳಿಯಲ್ಲಿದ್ದವರ ಹೆಸರು ಮಾತ್ರ ಯಂತ್ರಕೋಣೆಗೆ ಸೇರುತ್ತದೆ, ಪಾಳಿ ಮುಗಿದವನು ಅಲ್ಲಿಗೆ ಹೋಗಿರಲಾರ. ಹೀಗೆ ಯೋಚಿಸುವುದು ಕಚೇರಿಯವರಿಗೆ ಸಹಜ. ತಮ್ಮಲ್ಲಿ ಸಂಜೆ ಹೊತ್ತು ಮೀರಿದ ಮೇಲೆ ಕುರ್ಚಿಯಲ್ಲಿ ಯಾರೂ ಸಿಗುವುದಿಲ್ಲ ಎಂಬುದನ್ನು ನಾನೂ ಬಲ್ಲೆ. ಹಾಗಾದರೆ ಆ ಯಂತ್ರವನ್ನು ನಿಲ್ಲಿಸಿದವರು ಯಾರು? ಓಡುತ್ತಿದ್ದ ಹಡಗು ನಿಂತದ್ದಕ್ಕೂ, ದೋಣಿಗಳು ಇಳಿದದ್ದಕ್ಕೂ, ಅವುಗಳಲ್ಲಿ ಕುಳಿತ ಜನ ಬದುಕಿ ಬಂದು ತಮ್ಮ ಕಚೇರಿಯಲ್ಲೇ ಹೇಳಿಕೆ ಕೊಟ್ಟದ್ದಕ್ಕೂ ದಾಖಲೆಯಿದೆ. ಯಾರೂ ಇಲ್ಲದ ಕೋಣೆಯಲ್ಲಿ ಹಬೆ ತನ್ನಷ್ಟಕ್ಕೆ ತಾನೇ ನಿಂತುಹೋಯಿತೇ?

ಅವನನ್ನು ವೀರನೆಂದು ಕರೆಯಿರಿ ಎಂದು ನಾನು ಕೋರುತ್ತಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಬಯಕೆಯೂ ಇಲ್ಲ. ಆ ಬಗೆಯ ಅರ್ಜಿಗಳನ್ನು ಬೇರೆಯವರಿಗಾಗಿ ಬಹಳ ಬರೆದು, ಅವುಗಳ ಗತಿ ಏನಾಗುತ್ತದೆಂದು ನೋಡಿದ್ದೇನೆ. ನನ್ನ ಕೋರಿಕೆ ಇಷ್ಟೇ. ಹಿಂಭಾಗದ ಉಗ್ರಾಣಕ್ಕೆ ಮೇಲಿನಿಂದಲೂ ಬಾಗಿಲಿದೆ. ಅದರ ಮೇಲೆ ಮುರಿದ ಕಂಬ ಬಿದ್ದಿದೆ, ಅದನ್ನು ಸರಿಸಲು ಕಾಲ ಹಿಡಿಯುತ್ತದೆ ಎಂದು ತಮ್ಮ ಪ್ರಕಟಣೆಯೇ ಒಪ್ಪಿಕೊಂಡಿದೆ. ಹಿಡಿಯಲಿ. ತಾಮ್ರ ಕೆಡುವ ಪದಾರ್ಥವಲ್ಲ. ಆ ಕಂಬವನ್ನು ಸರಿಸಿ, ಮೇಲಿನ ಬಾಗಿಲಿನಿಂದಲೇ ತಮ್ಮ ತಾಮ್ರವನ್ನು ಒಯ್ಯತಕ್ಕದ್ದು. ಯಂತ್ರಕೋಣೆಯ ಗೋಡೆಯನ್ನು ಮುಟ್ಟಕೂಡದು.

ಇದೂ ಆಗದೆಂದು ತಾವು ತೀರ್ಮಾನಿಸುವಿರಿ ಎಂದು ನನಗೆ ಬಹುಮಟ್ಟಿಗೆ ಗೊತ್ತಿದೆ. ಹಾಗಾದಲ್ಲಿ ಒಂದು ಉಪಕಾರ. ಗೋಡೆ ಕತ್ತರಿಸಲು ಇಳಿಯುವ ಮುಳುಗುಗಾರರೂ ಯಾರದೋ ಮನೆಯ ಮಕ್ಕಳು. ಖಾಲಿ ಕೋಣೆ ಎಂದು ನಂಬಿಸಿ ಅವರನ್ನು ಆ ಕತ್ತಲೆಗೆ ಕಳಿಸಬೇಡಿ. ಒಳಗೆ ಒಬ್ಬನಿದ್ದಾನೆ ಎಂದು ಇಳಿಯುವ ಮುಂಚೆಯೇ ಹೇಳಿ. ಎದುರಾದರೆ ಬೆಚ್ಚಿಬೀಳುವುದು ಬೇಡ. ಅವನು ಯಾರಿಗೂ ತೊಂದರೆ ಕೊಟ್ಟವನಲ್ಲ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಅಲ್ಲಿ ಇಲ್ಲದವನ
ಅಕ್ಕ