ಅಕ್ಕನ ಮೊಣಕಾಲಿನ ಎತ್ತರ

ಫೆಬ್ರವರಿ 3, ಬೆಳಿಗ್ಗೆ 7
ಕಾಫಿಯಾಯಿತು. ಅಕ್ಕನದು ಇವತ್ತೂ ಒಳಗೇ, ಕಿಟಕಿಯ ಹತ್ತಿರ. ಹಿತ್ತಲಿಗೆ ಬಾ ಎಂದೆ, ಬೇಡ ಎಂದಳು. ಅಲ್ಲಿ ಕೂತಿದ್ದಾಗ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು, ಬಿದ್ದು, ಮಣಿಕಟ್ಟು ಮುರಿದುಕೊಂಡು ಎರಡು ತಿಂಗಳು. ಪ್ಲಾಸ್ಟರ್ ಬಿಚ್ಚಿಯೂ ಆಯಿತು. ಮೂವತ್ತು ವರ್ಷ ನರ್ಸ್ ಆಗಿ ಯಾರ್‍ಯಾರನ್ನೋ ಹಾಸಿಗೆಯಿಂದ ಎಬ್ಬಿಸಿ ನಡೆಸಿದವಳು, ಈಗ ಹಿತ್ತಲ ಬಾಗಿಲು ದಾಟುತ್ತಿಲ್ಲ. ಗಟ್ಟಿಯಾದ ಕುರ್ಚಿಯೊಂದು ತರಲೇಬೇಕು.

ಫೆಬ್ರವರಿ 6
ಮೂರು ಅಂಗಡಿ ಸುತ್ತಿದೆ. ಕಬ್ಬಿಣದ್ದು ಗಟ್ಟಿ, ಆದರೆ ಬಿಸಿಲಿಗೆ ಕಾವಲಿಯಾಗುತ್ತದೆ. ಬೆತ್ತದ್ದು ಚೆಂದ, ಎರಡು ಮಳೆಗಾಲ ಬಾಳದು. ಮಡಚುವ ಕುರ್ಚಿ ನೋಡಿ ನನಗೇ ಭಯ... ಕೊನೆಗೆ ಬಡಗಿಯ ಹತ್ತಿರ ಹೋದೆ. ತೇಗದ್ದು ಮಾಡಿಸಿ ಎಂದ.
"ಮೊಳೆ ಬೇಡ ಸಾರ್, ತುಕ್ಕು ಹಿಡಿಯದ ಸ್ಕ್ರೂ ಹಾಕ್ತೀನಿ. ಪಟ್ಟಿಗಳ ಮಧ್ಯೆ ಸಂದು ಬಿಡ್ತೀನಿ, ನೀರು ನಿಲ್ಲಬಾರ್ದು. ಕೂತ್ಕೊಳ್ಳೋರ ಮೊಣಕಾಲು ಎಷ್ಟೆತ್ತರ?"
ಐವತ್ತೆಂಟು ವರ್ಷದಿಂದ ಅಕ್ಕನ ತಮ್ಮ. ಅದು ಗೊತ್ತಿಲ್ಲ.

ಫೆಬ್ರವರಿ 7
ಅಕ್ಕ ಪೇಪರ್ ಓದುತ್ತಿದ್ದಳು. ಅಳತೆಪಟ್ಟಿ ಹಿಡಿದು ಕಾಲ ಬುಡದಲ್ಲಿ ಕೂತೆ.
"ಏನ್ ಮಾಡ್ತಿದ್ದೀಯೋ ಪುಟ್ಟಾ?"
ಈ ವಯಸ್ಸಿಗೂ ಪುಟ್ಟನೇ.
"ಹೊಸ ಕುರ್ಚಿಗೆ ಅಳತೆ."
"ನನಗ್ಯಾವ ಕುರ್ಚಿನೂ ಬೇಡ. ಏಳು ಮೇಲೆ."
ಅವಳು ಸ್ನಾನಕ್ಕೆ ಹೋದಾಗ, ಕಿಟಕಿಯ ಹತ್ತಿರ ದಿನಾ ಕೂರುವ ಕುರ್ಚಿಯನ್ನೇ ಅಳೆದೆ. ಹದಿನೇಳೂವರೆ ಇಂಚು.

ಫೆಬ್ರವರಿ 24
ಬಂತು. ಇಬ್ಬರು ಏದುಸಿರು ಬಿಡುತ್ತ ಹೊತ್ತು ತಂದರು. ಒದ್ದೆ ನೆಲ ತಾಗದಿರಲೆಂದು ಕಾಲುಗಳ ಕೆಳಗೆ ಟೈಲ್ಸ್ ತುಂಡು ಇಟ್ಟೆ. ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು.
"ಚೆನ್ನಾಗಿದೆ. ನೀನೇ ಕೂತ್ಕೋ."
ಕೂತೆ. ಒಬ್ಬನೇ. ಬೇಜಾರಾಯಿತು.

ಫೆಬ್ರವರಿ 26
ವಾರ್ನಿಷ್ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತದೆ. ತೆಳ್ಳಗೆ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು ಒರೆಸಿ ಎಂದಿದ್ದ ಬಡಗಿ. ನಾನು ಮೂರು ಸಲ ಬಳಿದು ಹಾಗೇ ಬಿಟ್ಟೆ. ಮಧ್ಯಾಹ್ನ ಕೂತರೆ ಪ್ಯಾಂಟ್ ಏಳಲು ಒಪ್ಪಲಿಲ್ಲ. ಕಿಟಕಿಯಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ...
"ಮುಲಾಮು ಹಚ್ಚೋ ಹಾಗೆ ಹಚ್ಬೇಕು ಕಣೋ. ಅಭ್ಯಂಜನ ಮಾಡ್ಸಿದೀಯಲ್ಲ. ಒರೆಸು."
ಒರೆಸಿದೆ. ಅವಳಿಗಿನ್ನೂ ಹೇಳದ್ದೊಂದಿದೆ. ಇಲ್ಲಾದರೂ ಬರೆದುಬಿಡುತ್ತೇನೆ. ಆ ಪ್ಲಾಸ್ಟಿಕ್ ಕಾಲಿನ ಬಿರುಕನ್ನು ಮೊದಲೇ ನೋಡಿದ್ದೆ. ಇನ್ನೊಂದು ಬೇಸಿಗೆ ಬಾಳೀತೆಂದು ಬಿಳಿ ಟೇಪ್ ಸುತ್ತಿದ್ದೆ — ಕುರ್ಚಿಯ ಬಣ್ಣದ್ದೇ, ಕಾಣದಿರಲೆಂದು. ತಾನು ದಪ್ಪಗಿರುವುದಕ್ಕೇ ಮುರಿಯಿತೆಂದು ಅಕ್ಕ ನಂಬಿದ್ದಾಳೆ. ರಾತ್ರಿ ಊಟ ಬಿಟ್ಟಿದ್ದಾಳೆ. ನಾನು ನೋಡುತ್ತ ಸುಮ್ಮನಿದ್ದೇನೆ.

ಮಾರ್ಚ್ 1
ಹೇಳಿದೆ. ನಿನ್ನ ತೂಕದಿಂದಲ್ಲ, ನನ್ನಿಂದ ಎಂದೆ. ಟೇಪಿನ ವಿಷಯವನ್ನೂ ಹೇಳಿದೆ. ಅಕ್ಕ ಮಣಿಕಟ್ಟು ಸವರಿಕೊಂಡಳು.
"ನಾನು ಊಟ ಬಿಟ್ಟಾಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"
ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 2
ಮಾತಿಲ್ಲ.

ಮಾರ್ಚ್ 9
ಮಾತಿಲ್ಲ. ಆದರೆ ರಾತ್ರಿ ಊಟಕ್ಕೆ ಬಂದಳು. ಎರಡನೇ ಸಲವೂ ಬಡಿಸಿಕೊಂಡಳು. ನನ್ನ ಮುಖ ನೋಡಲಿಲ್ಲ. ಅಷ್ಟಾದರೂ ಸಾಕು.

ಮಾರ್ಚ್ 12, ಬೆಳಿಗ್ಗೆ 7
ಕಿಟಕಿಯ ಹತ್ತಿರ ಅಕ್ಕ ಇಲ್ಲ. ಎದ್ದಿಲ್ಲವೇನೋ. ಏಳುವಷ್ಟರಲ್ಲಿ ನಾಲ್ಕು ಸಾಲು ಬರೆದು... ದನಿ. ರೂಮಿನಿಂದಲ್ಲ, ಹಿತ್ತಲಿನಿಂದ.
"ಪುಟ್ಟಾ, ಈ ಕುರ್ಚೀಲಿ ಒಬ್ಬಳೇ ಎಷ್ಟೊತ್ತು ಕೂತಿರ್ಲೋ? ನಿನಗೂ ಒಂದು ಸ್ಟೂಲ್ ತಗೊಂಡ್ ಬಾ."
ಸ್ಟೂಲ್ ಅಡುಗೆಮನೆಯಲ್ಲಿದೆ. ಉಳಿದದ್ದು ಆಮೇಲೆ—